ಕಟ್ಟಡ ಕಾಮಗಾರಿಯ ನಿರ್ವಹಣೆ: ನಮ್ಮ ಮಕ್ಕಳು ಕಲಿಯಬೇಕಾದ ವಿದ್ಯೆ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬುದು ನಮ್ಮ ಹಿರಿಯರ ಗಾದೆ. ಈ ಎರಡು ಕಾರ್ಯಗಳನ್ನೇ ಜೋಡಿಸಿ ಹೇಳಿದ್ದರಲ್ಲಿ ಒಂದು ಅರ್ಥವಿದೆ. ಎರಡರಲ್ಲಿಯೂ ಹಣ ಬೇಕು, ಜನ ಬೇಕು, ಸಾಮಗ್ರಿ ಬೇಕು. ಆದರೆ ಇವೆಲ್ಲವೂ ಇದ್ದ ಮಾತ್ರಕ್ಕೆ ಕಾರ್ಯವು ಸಾಂಗವಾಗಿ ನೆರವೇರುವುದಿಲ್ಲ. ಯಾವುದು ಮೊದಲು, ಯಾವುದು ಅನಂತರ, ಯಾವುದಕ್ಕೆ ಎಷ್ಟು ದಿನ, ಯಾರು ಹೊಣೆ ಎಂಬ ಲೆಕ್ಕ ತಪ್ಪಿದರೆ ಇದ್ದ ಹಣವೂ ಕರಗಿ ಹೋಗುತ್ತದೆ. ಈ ಲೆಕ್ಕವನ್ನೇ ಕ್ರಮಬದ್ಧವಾಗಿ ಕಲಿಸುವ ಶಾಸ್ತ್ರಕ್ಕೆ ಇಂದು ಕಟ್ಟಡ ಯೋಜನಾ ನಿರ್ವಹಣೆ ಎಂದು ಹೆಸರು. ಕಾಲೇಜುಗಳಲ್ಲಿ ಇದನ್ನು ಕನ್‌ಸ್ಟ್ರಕ್ಷನ್ ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ಎನ್ನುತ್ತಾರೆ.

ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಯಲ್ಲಿ ಇಂಥ ವಿಷಯವೇಕೆ ಎಂದು ಕೆಲವರು ಕೇಳಬಹುದು. ಅಕ್ಕಲಕೋಟೆ ಭಾಗದ ನಮ್ಮ ಹಳ್ಳಿಗಳದು ಮಳೆಯನ್ನು ನಂಬಿದ ಬದುಕು. ಮಳೆ ಕೈಕೊಟ್ಟ ವರ್ಷಗಳಲ್ಲಿ ನಮ್ಮ ಜನ ಪುಣೆ, ಮುಂಬಯಿಗಳ ಹಾದಿ ಹಿಡಿದರು. ಅಲ್ಲಿ ಅವರಿಗೆ ದೊರೆತ ಕೆಲಸ ಬಹುತೇಕ ಕಟ್ಟಡದ ಕೆಲಸವೇ. ಈ ಶಾಲೆಯಲ್ಲಿ ನನ್ನ ಕೈಕೆಳಗೆ ಓದಿದವರಲ್ಲಿ ಇಂದು ಗೌಂಡಿಗಳಿದ್ದಾರೆ, ಸೆಂಟ್ರಿಂಗ್ ಕೆಲಸದವರಿದ್ದಾರೆ, ಸಳಿ ಕಟ್ಟುವವರಿದ್ದಾರೆ, ಮುಕಾದಮರಿದ್ದಾರೆ, ಸುಪರ್‌ವೈಸರುಗಳಿದ್ದಾರೆ. ಅವರಲ್ಲೊಬ್ಬರು ಕೆಲವು ವರ್ಷಗಳ ಹಿಂದೆ ಜಾತ್ರೆಗೆಂದು ಊರಿಗೆ ಬಂದಾಗ ನನ್ನೊಡನೆ ಆಡಿದ ಮಾತು ಇದು: “ಸರ, ಹನ್ನೆರಡು ವರ್ಷ ಸ್ಲ್ಯಾಬ್ ಹಾಕೀನ್ರಿ. ನಿನ್ನೆ ಕಾಲೇಜು ಮುಗಿಸಿ ಬಂದ ಹುಡುಗ ನನ್ನ ಮ್ಯಾಲ ಸಾಹೇಬ ಆಗ್ಯಾನ. ಕೆಲಸ ನಾನ ಕಲಿಸ್ತೀನಿ, ಸಹಿ ಅಂವ ಮಾಡ್ತಾನ.”

ಈ ಮಾತಿನಲ್ಲಿ ನೋವಿದೆ. ಅದರ ಜೊತೆಗೆ ಒಂದು ಪ್ರಶ್ನೆಯೂ ಇದೆ. ಕೈಯಲ್ಲಿ ಕಸಬು ಇದ್ದವನು ಮೇಲಕ್ಕೆ ಏರದೆ ನಿಲ್ಲುವುದೇಕೆ? ಕಾಲೇಜಿನಲ್ಲಿ ಕಲಿಸುವ ಆ ವಿಶೇಷವಾದರೂ ಏನು? ಕನ್ನಡ ಮಾಧ್ಯಮದಲ್ಲಿ ಓದಿದವನು, ವಯಸ್ಸು ಮೀರಿದವನು, ಅದನ್ನು ಕಲಿಯಲು ಸಾಧ್ಯವೇ? ನಾನು ಇಂಜಿನಿಯರನಲ್ಲ, ಕನ್ನಡದಲ್ಲಿಯೇ ಓದಿ ಮೆಟ್ರಿಕ್ ಮುಗಿಸಿದ ಮಾಸ್ತರ. ಆದರೂ ಈ ಶಾಲೆಯ ಹಳೆಯ ವಿದ್ಯಾರ್ಥಿಗಳು ತಂದುಕೊಟ್ಟ ಪಠ್ಯಪುಸ್ತಕಗಳನ್ನು ಬಿಡುವಿನ ವೇಳೆಯಲ್ಲಿ ಓದಿ, ತಿಳಿದವರನ್ನು ಕೇಳಿ, ಅರ್ಥವಾದಷ್ಟನ್ನು ಒಂದು ಪಾಠದ ರೂಪದಲ್ಲಿ ಇಲ್ಲಿ ಬರೆದಿದ್ದೇನೆ.

ಹಿನ್ನೆಲೆ

ದೊಡ್ಡ ಕಾಮಗಾರಿಗಳನ್ನು ನಿರ್ವಹಿಸುವುದು ನಮ್ಮ ನಾಡಿಗೆ ಹೊಸದಲ್ಲ. 12ನೆಯ ಶತಮಾನದಲ್ಲಿ ಸೊನ್ನಲಿಗೆಯ ಸಿದ್ಧರಾಮರು ಜನರನ್ನು ಕೂಡಿಸಿ ಕೆರೆ ಕಟ್ಟಿಸಿದರು. ಸೊನ್ನಲಿಗೆಯೇ ಇಂದಿನ ಸೊಲ್ಲಾಪುರ. ವಿಜಾಪುರದ ಗೋಳಗುಮ್ಮಟವು 17ನೆಯ ಶತಮಾನದಲ್ಲಿ ಎದ್ದು ನಿಂತಿತು. ಅಷ್ಟು ದೊಡ್ಡ ಗುಮ್ಮಟವನ್ನು ಕಟ್ಟಿದವರು ಕಲ್ಲು, ಸುಣ್ಣ, ನೀರು ಮತ್ತು ಆಳುಗಳ ಲೆಕ್ಕವಿಲ್ಲದೆ ಕಟ್ಟಿರಲಾರರು. ಆದರೆ ಆ ವಿದ್ಯೆ ಗುರುವಿನಿಂದ ಶಿಷ್ಯನಿಗೆ ಬಾಯಿಮಾತಿನಲ್ಲಿ ಬಂದುದು. ಗುರು ತೀರಿದರೆ ವಿದ್ಯೆಯೂ ಅವನೊಡನೆ ಹೋಗುತ್ತಿತ್ತು.

ಅದನ್ನು ಶಾಲೆಯೊಳಗೆ ತಂದ ಪ್ರಯತ್ನಗಳಲ್ಲಿ ಪುಣೆಯದು ಹಳೆಯದು. 1854ರಲ್ಲಿ ಅಲ್ಲಿ ಒಂದು ಇಂಜಿನಿಯರಿಂಗ್ ತರಗತಿ ಆರಂಭವಾಯಿತು. ಕಟ್ಟಡ, ಅಣೆಕಟ್ಟು, ಕಾಲುವೆ, ರೈಲುಮಾರ್ಗ, ಸೇತುವೆ ಮೊದಲಾದ ಲೋಕೋಪಯೋಗಿ ಕೆಲಸಗಳಿಗೆ ಕೆಳಹಂತದ ಅಧಿಕಾರಿಗಳನ್ನು ತರಬೇತುಗೊಳಿಸುವುದೇ ಅದರ ಉದ್ದೇಶವಾಗಿತ್ತು. ಅದೇ ಮುಂದೆ ಬೆಳೆದು ಪುಣೆಯ ಪ್ರಸಿದ್ಧ ಇಂಜಿನಿಯರಿಂಗ್ ಕಾಲೇಜಾಯಿತು. ನಮ್ಮ ಸರ್ ಎಂ. ವಿಶ್ವೇಶ್ವರಯ್ಯನವರು ಇಂಜಿನಿಯರಿಂಗ್ ಕಲಿತದ್ದು ಅಲ್ಲಿಯೇ. ಅವರು 1884ರಲ್ಲಿ ಮುಂಬಯಿ ಪ್ರಾಂತದ ಲೋಕೋಪಯೋಗಿ ಇಲಾಖೆಯನ್ನು ಸೇರಿದರು. 1903ರಲ್ಲಿ ಪುಣೆಯ ಹತ್ತಿರದ ಖಡಕವಾಸಲಾ ಜಲಾಶಯದಲ್ಲಿ ಅವರು ರೂಪಿಸಿದ ಸ್ವಯಂಚಾಲಿತ ಬಾಗಿಲುಗಳನ್ನು ಅಳವಡಿಸಲಾಯಿತು. ಇಂದು ನಮ್ಮ ಹುಡುಗರು ಕೆಲಸ ಹುಡುಕಿಕೊಂಡು ಹೋಗುವ ಆ ಪುಣೆಗೇ, ಅಂದು ಕನ್ನಡ ನಾಡಿನ ಒಬ್ಬ ತರುಣ ವಿದ್ಯೆ ಹುಡುಕಿಕೊಂಡು ಹೋಗಿದ್ದನೆಂಬುದನ್ನು ನೆನೆಯಬೇಕು.

ಸೊಲ್ಲಾಪುರದಲ್ಲಿ 1882ರಲ್ಲಿ ಹುಟ್ಟಿದ ವಾಲಚಂದ ಹಿರಾಚಂದರು ರೈಲ್ವೆ ಗುತ್ತಿಗೆದಾರರಾಗಿ ಉದ್ಯಮ ಆರಂಭಿಸಿ, 1926ರಲ್ಲಿ ಹಿಂದುಸ್ಥಾನ ಕನ್‌ಸ್ಟ್ರಕ್ಷನ್ ಕಂಪನಿಯನ್ನು ಸ್ಥಾಪಿಸಿದರು. ಕಟ್ಟಡದ ಕೆಲಸವೆಂದರೆ ಕೂಲಿಯ ಕೆಲಸವೆಂದು ಭಾವಿಸುವವರು ನಮ್ಮ ಜಿಲ್ಲೆಯದೇ ಈ ನಿದರ್ಶನವನ್ನು ಮರೆಯಬಾರದು.

ಇನ್ನು ನಿರ್ವಹಣಾ ಶಾಸ್ತ್ರದ ವಿಷಯ. ಕೆಲಸಗಳನ್ನು ದಿನಗಳ ಎದುರು ಅಡ್ಡಗೆರೆಗಳಲ್ಲಿ ತೋರಿಸುವ ಪಟ್ಟಿಯನ್ನು 20ನೆಯ ಶತಮಾನದ ಎರಡನೆಯ ದಶಕದಲ್ಲಿ ಹೆನ್ರಿ ಗ್ಯಾಂಟ್ ಎಂಬ ಅಮೆರಿಕದ ಇಂಜಿನಿಯರು ಬಳಕೆಗೆ ತಂದರು. ಅದಕ್ಕೆ ಇಂದಿಗೂ ಗ್ಯಾಂಟ್ ಪಟ್ಟಿ ಎಂದೇ ಹೆಸರು. 1957ರ ಸುಮಾರಿಗೆ ಅಮೆರಿಕದ ಡುಪಾಂಟ್ ಕಂಪನಿಯಲ್ಲಿ ‘ಕ್ರಿಟಿಕಲ್ ಪಾಥ್’, ಅಂದರೆ ನಿರ್ಣಾಯಕ ಮಾರ್ಗ ಎಂಬ ವಿಧಾನ ರೂಪುಗೊಂಡಿತು. 1958ರಲ್ಲಿ ಆ ದೇಶದ ನೌಕಾದಳವು ಪೋಲಾರಿಸ್ ಕ್ಷಿಪಣಿಯ ಯೋಜನೆಗಾಗಿ ಇದೇ ಬಗೆಯ ‘ಪರ್ಟ್’ ವಿಧಾನವನ್ನು ಬೆಳೆಸಿತು. ಇಂದು ಪುಣೆಯ ದೊಡ್ಡ ಸೈಟುಗಳಲ್ಲಿ ಗಣಕಯಂತ್ರ ತೋರಿಸುವ ಕಾರ್ಯಸೂಚಿಯ ಒಳಗಿರುವುದು ಈ ವಿಧಾನವೇ.

ಒಂದು ಶಾಲಾ ಕೋಣೆಯ ಲೆಕ್ಕ

ಹೆಸರು ಕೇಳಿ ಹೆದರುವ ಅಗತ್ಯವಿಲ್ಲ. ಏಳನೆಯ ತರಗತಿಯ ಗಣಿತ ಬಲ್ಲವನಿಗೆ ನಿರ್ಣಾಯಕ ಮಾರ್ಗ ತಿಳಿಯುತ್ತದೆ. ಒಳ ಅಳತೆ 5 ಮೀಟರ್ ಅಗಲ, 7 ಮೀಟರ್ ಉದ್ದದ ಒಂದು ಶಾಲಾ ಕೋಣೆಯನ್ನು ಕಟ್ಟಬೇಕಾಗಿದೆಯೆಂದು ತಿಳಿಯೋಣ. ಕೆಲಸಗಳು ಮತ್ತು ದಿನಗಳು, ಉದಾಹರಣೆಗಾಗಿ, ಹೀಗಿರಲಿ:

1. ಗುರುತು ಹಾಕಿ ಪಾಯ ಅಗೆಯುವುದು: 4 ದಿನ
2. ಪಾಯ ಕಟ್ಟಿ ನೆಲಮಟ್ಟಕ್ಕೆ ತರುವುದು: 10 ದಿನ
3. ಬಡಿಗನಿಂದ ಬಾಗಿಲು, ಕಿಟಕಿಗಳ ಚೌಕಟ್ಟು ಮಾಡಿಸುವುದು: 12 ದಿನ (ಮೊದಲ ದಿನದಿಂದಲೇ ಆರಂಭಿಸಬಹುದು)
4. ಚೌಕಟ್ಟು ನಿಲ್ಲಿಸಿ ಗೋಡೆ ಕಟ್ಟುವುದು: 12 ದಿನ
5. ಸೆಂಟ್ರಿಂಗ್ ಮತ್ತು ಸಳಿ ಕಟ್ಟುವುದು: 5 ದಿನ
6. ಸ್ಲ್ಯಾಬ್ ಹಾಕುವುದು: 1 ದಿನ
7. ಸ್ಲ್ಯಾಬಿನ ಆಸರೆಗಳನ್ನು ಹಾಗೆಯೇ ಬಿಡುವುದು: 14 ದಿನ
8. ಒಳಗಿನ ಗಿಲಾವು: 8 ದಿನ
9. ಹೊರಗಿನ ಗಿಲಾವು: 6 ದಿನ (ಸ್ಲ್ಯಾಬ್ ಹಾಕಿದ ಮೇಲೆ ಯಾವಾಗಲಾದರೂ)
10. ನೆಲಹಾಸು: 5 ದಿನ
11. ಬಣ್ಣ ಮತ್ತು ಬಾಗಿಲು ಕೂಡಿಸುವುದು: 5 ದಿನ

ಎಲ್ಲ ದಿನಗಳನ್ನೂ ಸುಮ್ಮನೆ ಕೂಡಿದರೆ 82 ಆಗುತ್ತದೆ. ಆದರೆ ಕೆಲವು ಕೆಲಸಗಳು ಒಟ್ಟಿಗೆ ನಡೆಯುತ್ತವೆ. ಒಂದರ ಬೆನ್ನಿಗೆ ಒಂದು ಬರಲೇಬೇಕಾದ ಕೆಲಸಗಳ ಅತಿ ಉದ್ದದ ಸರಪಳಿಯನ್ನು ಹುಡುಕಬೇಕು. ಪಾಯ ಅಗೆತ 4, ಪಾಯ 10, ಗೋಡೆ 12, ಸೆಂಟ್ರಿಂಗ್ 5, ಸ್ಲ್ಯಾಬ್ 1, ಆಸರೆ 14, ಒಳ ಗಿಲಾವು 8, ನೆಲಹಾಸು 5, ಬಣ್ಣ 5: ಒಟ್ಟು 64 ದಿನ. ಇದೇ ನಿರ್ಣಾಯಕ ಮಾರ್ಗ. ಇದರ ಮೇಲಿರುವ ಯಾವುದೇ ಕೆಲಸ ಒಂದು ದಿನ ತಡವಾದರೆ ಕೋಣೆಯೂ ಒಂದು ದಿನ ತಡವಾಗುತ್ತದೆ.

ಇನ್ನುಳಿದ ಎರಡು ಕೆಲಸಗಳನ್ನು ನೋಡಿರಿ. ಬಡಿಗನಿಗೆ 12 ದಿನ ಬೇಕು. ಗೋಡೆ ಆರಂಭವಾಗುವುದು 14 ದಿನ ಮುಗಿದ ಮೇಲೆ. ಆದ್ದರಿಂದ ಅವನಿಗೆ 2 ದಿನಗಳ ಸಡಿಲವಿದೆ. ಅವನು 5 ದಿನ ತಡ ಮಾಡಿದರೆ ಇಡೀ ಕೆಲಸ 3 ದಿನ ಹಿಂದೆ ಬೀಳುತ್ತದೆ. ಹೊರಗಿನ ಗಿಲಾವು 32 ದಿನ ಮುಗಿದ ಮೇಲೆ ಆರಂಭವಾಗಿ 38ಕ್ಕೆ ಮುಗಿಯಬಹುದು. ಬಣ್ಣ ಆರಂಭವಾಗುವುದು 59 ದಿನಗಳ ಅನಂತರ. ಅಲ್ಲಿ 21 ದಿನಗಳ ಸಡಿಲವಿದೆ.

ಈಗ ಪ್ರಶ್ನೆ: ಉದ್ಘಾಟನೆಗೆ ಮಂತ್ರಿಗಳು ಬರುವ ದಿನ ಮೂರು ದಿನ ಮುಂಚೆ ಬಂದಿತು. ಏನು ಮಾಡಬೇಕು? ಲೆಕ್ಕ ತಿಳಿಯದವನು ಎಲ್ಲ ಕಡೆಗೂ ಆಳುಗಳನ್ನು ಹೆಚ್ಚಿಸುತ್ತಾನೆ. ಹೊರ ಗಿಲಾವಿಗೆ ನಾಲ್ವರು ಗೌಂಡಿಗಳನ್ನು ಹೆಚ್ಚಿಗೆ ಹಾಕಿದರೆ ಹಣ ಖರ್ಚಾಗುತ್ತದೆ, ಒಂದು ದಿನವೂ ಉಳಿಯುವುದಿಲ್ಲ. ಪಾಯದ ಕೆಲಸದಲ್ಲಿ 3 ದಿನ ಉಳಿಸಿದರೆ ದೊರೆಯುವುದು 2 ದಿನ ಮಾತ್ರ, ಏಕೆಂದರೆ ಅಷ್ಟರಲ್ಲಿ ಬಡಿಗನೇ ತಡೆಯಾಗುತ್ತಾನೆ. ಗೋಡೆಗೆ ಇನ್ನೊಬ್ಬ ಗೌಂಡಿಯನ್ನು ಸೇರಿಸಿ 12 ದಿನವನ್ನು 9ಕ್ಕೆ ಇಳಿಸಿದರೆ ಮಾತ್ರ 3 ದಿನವೂ ಪೂರ್ತಿ ಉಳಿದು 61ಕ್ಕೆ ಕೆಲಸ ಮುಗಿಯುತ್ತದೆ. ಹಣವನ್ನು ಎಲ್ಲಿ ಹಾಕಬೇಕು, ಎಲ್ಲಿ ಹಾಕಬಾರದು ಎಂಬುದನ್ನು ಹೇಳುವುದೇ ಈ ವಿದ್ಯೆಯ ಪ್ರಯೋಜನ.

ಕದಿಯಬಾರದ ದಿನಗಳು

ಮೇಲಿನ ಪಟ್ಟಿಯಲ್ಲಿ ಆಸರೆಯ 14 ದಿನಗಳಿವೆ. ಅವಸರದಲ್ಲಿರುವ ಗುತ್ತಿಗೆದಾರನ ಕಣ್ಣು ಮೊದಲು ಬೀಳುವುದು ಇದರ ಮೇಲೆಯೇ. “ಸ್ಲ್ಯಾಬ್ ಗಟ್ಟಿಯಾಗಿದೆ, ಆಸರೆ ತೆಗೆಯಿರಿ, ಮುಂದಿನ ಸೈಟಿಗೆ ಬೇಕು” ಎನ್ನುತ್ತಾನೆ. ಆದರೆ ಈ 14 ದಿನಗಳು ಆಳು ಹೆಚ್ಚಿಸಿದರೆ ಕಡಿಮೆಯಾಗುವಂಥವಲ್ಲ. ಕಾಂಕ್ರೀಟು ಸಿಮೆಂಟು ಮತ್ತು ನೀರಿನ ರಾಸಾಯನಿಕ ಕ್ರಿಯೆಯಿಂದ ದಿನದಿನಕ್ಕೆ ಬಲಿಯುತ್ತದೆ. ಅದರ ಬಲವನ್ನು ಅಳೆಯುವ ಘನಗಳನ್ನು 28ನೆಯ ದಿನ ಪರೀಕ್ಷಿಸುವುದು ಅದಕ್ಕಾಗಿಯೇ. ಕಾಂಕ್ರೀಟಿನ ಭಾರತೀಯ ಮಾನಕವಾದ ಐ.ಎಸ್. 456ರ 2000ದ ಆವೃತ್ತಿಯು, ಸಾಧಾರಣ ಪೋರ್ಟ್‌ಲ್ಯಾಂಡ್ ಸಿಮೆಂಟಿಗೆ, ಹವೆಯ ಉಷ್ಣತೆ 15 ಡಿಗ್ರಿಗಿಂತ ಕೆಳಗಿಳಿಯದಿದ್ದಾಗ, 4.5 ಮೀಟರಿನವರೆಗಿನ ಅಂತರದ ಸ್ಲ್ಯಾಬಿನ ಆಸರೆಗೆ 7 ದಿನ, ಅದಕ್ಕಿಂತ ಹೆಚ್ಚಿನ ಅಂತರಕ್ಕೆ 14 ದಿನ ಹೇಳಿದೆ. ತೊಲೆಗಳ ಆಸರೆಗೆ 6 ಮೀಟರಿನವರೆಗೆ 14 ದಿನ, ಮೀರಿದರೆ 21 ದಿನ. ಬೇರೆ ಬಗೆಯ ಸಿಮೆಂಟು ಬಳಸಿದರೆ ಈ ಅವಧಿಯನ್ನು ಹೆಚ್ಚಿಸಬೇಕಾದೀತು. ನಮ್ಮ ಕೋಣೆ 5 ಮೀಟರ್ ಅಗಲದ್ದಾದ್ದರಿಂದ 14 ದಿನ ಬಂದಿತು.

ನೀರುಣಿಸುವುದೂ ಹಾಗೆಯೇ. ಸಾಧಾರಣ ಸಿಮೆಂಟಿನ ಕಾಂಕ್ರೀಟಿಗೆ ಕನಿಷ್ಠ 7 ದಿನ, ನಮ್ಮ ಕಡೆಯಂಥ ಒಣ ಬಿಸಿಲಿನ ಹವೆಯಲ್ಲಿ 10 ದಿನಕ್ಕೆ ಕಡಿಮೆಯಾಗಬಾರದು. ಕಲಸುವ ನೀರಿನ ವಿಷಯದಲ್ಲಿ ಇದರ ವಿರುದ್ಧ ತಪ್ಪು ನಡೆಯುತ್ತದೆ. ಎಂ-20 ದರ್ಜೆಯ ಸಳಿ ಕಾಂಕ್ರೀಟಿಗೆ ಸಿಮೆಂಟಿನ ತೂಕದ 0.55 ಭಾಗಕ್ಕಿಂತ ಹೆಚ್ಚು ನೀರು ಸಲ್ಲದು. 50 ಕಿಲೋ ಚೀಲಕ್ಕೆ 27.5 ಲೀಟರ್. ಉಸುಕಿನಲ್ಲಿರುವ ತೇವವೂ ಅದರಲ್ಲಿಯೇ ಸೇರಿತು. ಸುರಿಯಲು ಹಗುರವಾಗಲಿ ಎಂದು ಎರಡು ಬಕೆಟ್ ಹೆಚ್ಚು ಹಾಕಿದರೆ ಬಲ ಕುಗ್ಗುತ್ತದೆ. ಕಲಸುವಾಗ ನೀರು ಕಡಿಮೆ, ಕಲಸಿ ಹಾಕಿದ ಮೇಲೆ ನೀರು ಹೆಚ್ಚು ಎಂಬುದೇ ಸೂತ್ರ.

ನಮ್ಮ ಎರೆ ಭೂಮಿಯ ಗುಣವೂ ನಿರ್ವಹಣೆಯ ವಿಷಯವೇ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಮೇಲಣ ಎರೆಯಲ್ಲಿ ಪಾಯ ನಿಲ್ಲಿಸಿದರೆ ಗೋಡೆ ಒಡೆಯುವುದು ಖಚಿತ; ಕೆಳಗಿನ ಗಟ್ಟಿ ಗರಸಿನ ಪದರಿಗೆ ಇಳಿಯಬೇಕು. ಅಲ್ಲಿಗೆ ಇಳಿಯುವಾಗ ಅಗೆತ ಒಂದೂವರೆ ಮೀಟರಿಗಿಂತ ಆಳವಾದರೆ ಬದಿಗಳಿಗೆ ಆಸರೆ ಕೊಡಬೇಕು ಇಲ್ಲವೆ ಇಳಿಜಾರು ಮಾಡಬೇಕು. ಅಗೆದ ಮಣ್ಣನ್ನು ಅಂಚಿಗೆ ಒಟ್ಟಬಾರದು. ಮಣ್ಣು ಕುಸಿದು ಸಾಯುವವರು ಯಾರು? ಕಚೇರಿಯಲ್ಲಿ ಕುಳಿತವರಲ್ಲ, ನಮ್ಮ ಹಳ್ಳಿಯ ಮಕ್ಕಳು. ಆದ್ದರಿಂದ ಸುರಕ್ಷತೆಯ ಪಾಠವನ್ನು ಪರೀಕ್ಷೆಯ ಅಂಕಗಳಿಗಾಗಿ ಮಾತ್ರ ಓದಬಾರದೆಂದು ನಾನು ಹೇಳುತ್ತೇನೆ. ಅವಸರಪಡಿಸುವ ಮಾಲೀಕನ ಎದುರು ‘ಆಸರೆ ತೆಗೆಯಲಾರೆ, ನಿಯಮ ಹೀಗಿದೆ’ ಎಂದು ಸುಪರ್‌ವೈಸರನೊಬ್ಬ ಧೈರ್ಯವಾಗಿ ಹೇಳಬೇಕಾದರೆ ಅವನಿಗೆ ನಿಯಮದ ಸಂಖ್ಯೆ ತಿಳಿದಿರಬೇಕು. ಅನುಭವದಿಂದ ‘ಬೇಡ’ ಎನ್ನುವವನನ್ನು ಗದರಿಸಿ ಸುಮ್ಮನಿರಿಸಬಹುದು. ಶಾಸ್ತ್ರವನ್ನು ಮುಂದಿಟ್ಟು ‘ಬೇಡ’ ಎನ್ನುವವನನ್ನು ಗದರಿಸುವುದು ಕಷ್ಟ.

ಹಣದ ಲೆಕ್ಕ

ಕಾಲೇಜಿನಲ್ಲಿ ಕಲಿಸುವ ಇನ್ನೊಂದು ಮುಖ್ಯ ವಿಷಯ ಪರಿಮಾಣ ಮತ್ತು ಖರ್ಚಿನ ಲೆಕ್ಕ. ನಮ್ಮ ಕೋಣೆಯ ಸ್ಲ್ಯಾಬ್ ಗೋಡೆಯ ಮೇಲಿನ ಭಾಗವೂ ಸೇರಿ 5.5 ಮೀಟರ್ ಅಗಲ, 7.5 ಮೀಟರ್ ಉದ್ದ, 15 ಸೆಂಟಿಮೀಟರ್ ದಪ್ಪ ಇದೆಯೆನ್ನೋಣ. ಗುಣಿಸಿದರೆ ಸುಮಾರು 6.2 ಘನ ಮೀಟರ್. ಎಂ-20 ಕಾಂಕ್ರೀಟಿಗೆ ಘನ ಮೀಟರಿಗೆ ಸುಮಾರು 8 ಚೀಲ ಹಿಡಿದರೆ 50 ಚೀಲ ಸಿಮೆಂಟು ಬೇಕು. 60 ಚೀಲ ಖರ್ಚಾಗಿದೆಯೆಂದು ಯಾರಾದರೂ ಹೇಳಿದರೆ ಉಳಿದ ಹತ್ತು ಎಲ್ಲಿ ಹೋದವೆಂದು ಕೇಳಬೇಕು; 40ರಲ್ಲಿಯೇ ಮುಗಿಯಿತೆಂದರೆ ಇನ್ನೂ ಹೆಚ್ಚು ಕಳವಳಪಡಬೇಕು.

ಕೆಲಸವು ಹಣದ ದೃಷ್ಟಿಯಿಂದ ಸರಿಯಾದ ದಾರಿಯಲ್ಲಿದೆಯೇ ಎಂಬುದನ್ನು ತಿಳಿಯಲು ಮೂರು ಸಂಖ್ಯೆಗಳು ಸಾಕು. ಒಟ್ಟು ಅಂದಾಜು 10 ಲಕ್ಷ ರೂಪಾಯಿ. ಇಂದಿನ ದಿನಕ್ಕೆ 6 ಲಕ್ಷದ ಕೆಲಸ ಮುಗಿಯಬೇಕಾಗಿತ್ತು. ಅಳತೆ ಮಾಡಿ ನೋಡಿದರೆ ಮುಗಿದಿರುವುದು 4.5 ಲಕ್ಷದ ಕೆಲಸ. ಅದಕ್ಕೆ ಖರ್ಚಾದದ್ದು 5.4 ಲಕ್ಷ. ಸಾಮಾನ್ಯ ಮನುಷ್ಯ ‘6 ಲಕ್ಷ ಖರ್ಚಾಗಬೇಕಾಗಿತ್ತು, 5.4 ಮಾತ್ರ ಆಗಿದೆ, 60 ಸಾವಿರ ಉಳಿಯಿತು’ ಎಂದು ಸಂತೋಷಪಡುತ್ತಾನೆ. ವಾಸ್ತವವಾಗಿ ಆಗಬೇಕಾದ ಕೆಲಸದಲ್ಲಿ ಮುಕ್ಕಾಲು ಭಾಗ ಮಾತ್ರ ಆಗಿದೆ. ಒಂದು ರೂಪಾಯಿಯ ಕೆಲಸಕ್ಕೆ ಒಂದು ರೂಪಾಯಿ ಇಪ್ಪತ್ತು ಪೈಸೆ ಬಿದ್ದಿದೆ. ಹೀಗೆಯೇ ನಡೆದರೆ 10 ಲಕ್ಷದ ಕೆಲಸ 12 ಲಕ್ಷಕ್ಕೆ ಮುಗಿದೀತು. ಎರಡು ಲಕ್ಷದ ನಷ್ಟವನ್ನು ಅರ್ಧದಾರಿಯಲ್ಲಿಯೇ ಕಂಡವನು ತಿದ್ದಿಕೊಳ್ಳುತ್ತಾನೆ. ಕಡೆಯಲ್ಲಿ ಕಂಡವನು ಹೊಲ ಮಾರುತ್ತಾನೆ. ಸಣ್ಣ ಗುತ್ತಿಗೆ ಹಿಡಿದು ಕೈ ಸುಟ್ಟುಕೊಂಡ ನಮ್ಮವರು ಹಲವರಿದ್ದಾರೆ. ಅವರ ಕಸಬಿನಲ್ಲಿ ಕೊರತೆ ಇರಲಿಲ್ಲ, ಈ ಲೆಕ್ಕದಲ್ಲಿ ಇತ್ತು.

ಇದರೊಡನೆ ಟೆಂಡರು, ಕರಾರು, ಭದ್ರತಾ ಠೇವಣಿ, ಅಳತೆ ಪುಸ್ತಕ, ನಡುವಿನ ಬಿಲ್ಲು, ದಿನಚರಿ ಇವೆಲ್ಲವೂ ಪಾಠದಲ್ಲಿ ಬರುತ್ತವೆ. ನಕ್ಷೆ ಬದಲಾದಾಗ ಹೊಸ ನಕ್ಷೆಯ ಕ್ರಮಸಂಖ್ಯೆ ನೋಡಿಕೊಳ್ಳುವುದು, ಹೆಚ್ಚುವರಿ ಕೆಲಸಕ್ಕೆ ಬರಹದಲ್ಲಿ ಅಪ್ಪಣೆ ಪಡೆಯುವುದು, ಮಳೆಯಿಂದ ನಿಂತ ದಿನಗಳನ್ನು ಅಂದೇ ಬರೆದಿಡುವುದು ಇವು ಸಣ್ಣ ಸಂಗತಿಗಳೆಂದು ತೋರಿದರೂ ವ್ಯಾಜ್ಯ ಬಂದಾಗ ಉಳಿಸುವಂಥವು. ಬಾಯಿಮಾತಿನ ಲೋಕದಿಂದ ಬಂದ ನಮ್ಮವರಿಗೆ ಬರೆದಿಡುವ ಅಭ್ಯಾಸವೇ ಕಾಲೇಜಿನ ದೊಡ್ಡ ಕೊಡುಗೆ.

ಕಾನೂನೂ ಈ ವಿದ್ಯೆಯ ಬೆಲೆಯನ್ನು ಹೆಚ್ಚಿಸಿದೆ. ಸ್ಥಿರಾಸ್ತಿ ನಿಯಂತ್ರಣದ 2016ರ ಕಾಯಿದೆ ಮಹಾರಾಷ್ಟ್ರದಲ್ಲಿ 2017ರ ಮೇ 1ರಿಂದ ಪೂರ್ಣವಾಗಿ ಜಾರಿಗೆ ಬಂದಿತು. ಅದರಂತೆ ಮನೆ ಕಟ್ಟಿ ಮಾರುವವನು ಮುಗಿಸುವ ದಿನಾಂಕವನ್ನು ಮೊದಲೇ ಘೋಷಿಸಬೇಕು. ಕೊಳ್ಳುವವರಿಂದ ಪಡೆದ ಹಣದಲ್ಲಿ ನೂರಕ್ಕೆ 70ರಷ್ಟನ್ನು ಪ್ರತ್ಯೇಕ ಖಾತೆಯಲ್ಲಿಟ್ಟು, ಆದ ಕೆಲಸದ ಪ್ರಮಾಣಕ್ಕೆ ತಕ್ಕಂತೆ, ಇಂಜಿನಿಯರು, ವಾಸ್ತುಶಿಲ್ಪಿ ಮತ್ತು ಲೆಕ್ಕಪರಿಶೋಧಕರ ಪ್ರಮಾಣಪತ್ರದೊಡನೆ ಮಾತ್ರ ತೆಗೆಯಬೇಕು. ಮನೆ ವಶಕ್ಕೆ ಕೊಟ್ಟ ಐದು ವರ್ಷಗಳೊಳಗೆ ಕಟ್ಟಡದ ರಚನೆಯಲ್ಲಿ ದೋಷ ಕಂಡರೆ ಸರಿಪಡಿಸಬೇಕು. ಹೀಗಾಗಿ ದಿನ, ಹಣ, ಗುಣ ಈ ಮೂರನ್ನೂ ಬಲ್ಲವನಿಗೆ ಬೇಡಿಕೆ ಬಂದಿದೆ.

ಕಲಿಯುವ ದಾರಿಗಳು

ಈಗ ಕಡೆಯ ಪ್ರಶ್ನೆ: ಯಾರು ಹೇಗೆ ಕಲಿಯಬೇಕು?

ಹತ್ತನೆಯ ತರಗತಿ ಮುಗಿಸಿದ ಮಗುವಿಗೆ ನೇರವಾದ ದಾರಿ ಪಾಲಿಟೆಕ್ನಿಕ್. ಸಿವಿಲ್ ಡಿಪ್ಲೊಮಾ ಮೂರು ವರ್ಷ. ಸೊಲ್ಲಾಪುರದಲ್ಲಿ ಸರ್ಕಾರಿ ಪಾಲಿಟೆಕ್ನಿಕ್ ಇದೆ. ಡಿಪ್ಲೊಮಾ ಮುಗಿಸಿದವರಿಗೆ ಪದವಿಯ ಎರಡನೆಯ ವರ್ಷಕ್ಕೆ ನೇರ ಪ್ರವೇಶದ ಅವಕಾಶವಿದೆ. ಪದವಿ ಪಡೆದವರು ಕಟ್ಟಡ ನಿರ್ವಹಣೆಯನ್ನೇ ವಿಶೇಷವಾಗಿ ಓದಬಹುದು. ಇದಕ್ಕಾಗಿಯೇ 1983ರಲ್ಲಿ ಸ್ಥಾಪಿತವಾದ ನಿಕ್‌ಮಾರ್ ಸಂಸ್ಥೆ ಪುಣೆಯ ಬಾಲೇವಾಡಿಯಲ್ಲಿದೆ. 2022ರಲ್ಲಿ ಅದು ವಿಶ್ವವಿದ್ಯಾಲಯವಾಯಿತು. ದೆಹಲಿ, ಮದರಾಸುಗಳ ಐ.ಐ.ಟಿ.ಗಳಲ್ಲಿಯೂ ಈ ವಿಷಯದ ಸ್ನಾತಕೋತ್ತರ ವ್ಯಾಸಂಗವಿದೆ.

ಕರ್ನಾಟಕದಲ್ಲಿ ಓದಬಯಸುವವರು ಒಂದು ಸಂಗತಿಯನ್ನು ಗಮನಿಸಬೇಕು. ಅಲ್ಲಿಯ ಸಿ.ಇ.ಟಿ.ಯಲ್ಲಿ ಗಡಿನಾಡ ಕನ್ನಡಿಗರಿಗೆ ಪ್ರತ್ಯೇಕ ಅರ್ಹತಾ ನಿಯಮವಿದೆ. ಅಕ್ಕಲಕೋಟೆ, ದಕ್ಷಿಣ ಸೊಲ್ಲಾಪುರ, ಜತ್ತ, ಗಡಹಿಂಗ್ಲಜ ತಾಲೂಕುಗಳು ಹಾಗೂ ಕಾಸರಗೋಡು ಭಾಗದಲ್ಲಿ ನೆಲೆಸಿ, ಏಳು ವರ್ಷ ಅಲ್ಲಿಯೇ ಓದಿದ, ಕನ್ನಡ, ತುಳು ಇಲ್ಲವೆ ಕೊಡವ ಮಾತೃಭಾಷೆಯ ವಿದ್ಯಾರ್ಥಿಗಳಿಗೆ ಅದು ಅನ್ವಯಿಸುತ್ತದೆ. ಕನ್ನಡ ಭಾಷಾ ಪರೀಕ್ಷೆಯಲ್ಲಿ ತೇರ್ಗಡೆಯಾಗಬೇಕು. ಪೂರ್ಣ ಷರತ್ತುಗಳನ್ನು ಆಯಾ ವರ್ಷದ ಕೈಪಿಡಿಯಲ್ಲಿ ನೋಡಿಕೊಳ್ಳತಕ್ಕದ್ದು. ಕನ್ನಡ ಶಾಲೆಯಲ್ಲಿ ಓದಿದ್ದು ಅಡ್ಡಿಯಾಗದೆ ಅರ್ಹತೆಯೇ ಆಗುವ ಸ್ಥಳವೂ ಉಂಟು ಎಂಬುದನ್ನು ತಾಯಿತಂದೆಗಳು ತಿಳಿಯಲಿ.

ಇನ್ನು ಕೆಲಸದಲ್ಲಿರುವವರು. ಹತ್ತನೆಯದನ್ನು ಮುಗಿಸದೆ ಸೈಟಿಗೆ ಹೋದವರು ಮೊದಲು ಅದನ್ನು ಮುಗಿಸಬೇಕು. ಮಹಾರಾಷ್ಟ್ರ ಮಂಡಲಿಯ ಪರೀಕ್ಷೆಗೆ 17ನೆಯ ನಮೂನೆ ತುಂಬಿ ಖಾಸಗಿಯಾಗಿ ಕೂಡಬಹುದು. ರಾಷ್ಟ್ರೀಯ ಮುಕ್ತ ಶಾಲೆಯ ದಾರಿಯೂ ಇದೆ. ಕೈಕಸಬು ಬಲ್ಲವರ ಅನುಭವವನ್ನೇ ಪರೀಕ್ಷಿಸಿ ಪ್ರಮಾಣಪತ್ರ ಕೊಡುವ ವ್ಯವಸ್ಥೆಯನ್ನು 2015ರಲ್ಲಿ ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯಲ್ಲಿ ಅಳವಡಿಸಲಾಯಿತು. ಅದು ಡಿಪ್ಲೊಮಾಕ್ಕೆ ಸಮನಲ್ಲ. ಮೊದಲ ಮೆಟ್ಟಿಲು ಮಾತ್ರ. ಡಿಪ್ಲೊಮಾ ಇದ್ದು ನೌಕರಿಯಲ್ಲಿರುವವರಿಗಾಗಿ ಕೆಲವು ಕಾಲೇಜುಗಳು ಎ.ಐ.ಸಿ.ಟಿ.ಇ. ಒಪ್ಪಿಗೆಯೊಡನೆ ಅನುಕೂಲದ ವೇಳೆಯಲ್ಲಿ ತರಗತಿ ನಡೆಸುತ್ತವೆ. ಮೊಬೈಲಿನಲ್ಲಿಯೇ ಉಚಿತವಾಗಿ ನೋಡಬಹುದಾದ ಎನ್.ಪಿ.ಟಿ.ಇ.ಎಲ್. ಪಾಠಗಳಲ್ಲಿ ಐ.ಐ.ಟಿ.ಯ ಅಧ್ಯಾಪಕರು ಯೋಜನೆ ಮತ್ತು ನಿಯಂತ್ರಣವನ್ನು ಕಲಿಸಿದ್ದಾರೆ.

ಒಂದು ಎಚ್ಚರಿಕೆಯ ಮಾತು. ‘ಮನೆಯಲ್ಲಿಯೇ ಕುಳಿತು ಇಂಜಿನಿಯರಿಂಗ್ ಪದವಿ’ ಎಂಬ ಜಾಹೀರಾತುಗಳಿಗೆ ಮರುಳಾಗಬಾರದು. ಅಗತ್ಯ ಒಪ್ಪಿಗೆ ಇಲ್ಲದೆ ಅಂಚೆ ಮೂಲಕ ಇಂಜಿನಿಯರಿಂಗ್ ಪದವಿ ನೀಡಿದ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರ ನವೆಂಬರದಲ್ಲಿ ಕಟ್ಟುನಿಟ್ಟಾದ ತೀರ್ಪು ನೀಡಿತು. ಅಂಥ ಪದವಿಗಳನ್ನು ನಂಬಿದವರು ತೊಂದರೆಗೊಳಗಾದರು. ಶುಲ್ಕ ಕಟ್ಟುವ ಮೊದಲು ಆ ವರ್ಷದ ಎ.ಐ.ಸಿ.ಟಿ.ಇ. ಒಪ್ಪಿಗೆಯನ್ನು ಕಣ್ಣಾರೆ ನೋಡಿರಿ.

ಭಾಷೆಯ ಭಯ

ನಮ್ಮವರನ್ನು ಹಿಂದಕ್ಕೆಳೆಯುವುದು ಹಣಕ್ಕಿಂತ ಹೆಚ್ಚಾಗಿ ಇಂಗ್ಲಿಷಿನ ಭಯ. ಈ ಭಯ ನಿರಾಧಾರವೆಂದು ನಾನು ಹೇಳಲಾರೆ. ಕರಾರು, ಮಾನಕ, ನಕ್ಷೆ ಬಹುಮಟ್ಟಿಗೆ ಇಂಗ್ಲಿಷಿನಲ್ಲಿಯೇ ಇರುತ್ತವೆ; ಪಾಲಿಟೆಕ್ನಿಕ್ಕಿನ ಮೊದಲ ಆರು ತಿಂಗಳು ಕಷ್ಟವೇ. ಆದರೆ ಗೌಂಡಿಯ ಮಗನಿಗೆ ಕಾಲಮ್, ಬೀಮ್, ಲೆವೆಲ್, ಶಟರಿಂಗ್, ಕವರ್ ಎಂಬ ಮಾತುಗಳು ಹೊಸವಲ್ಲ. ನಗರದ ಹುಡುಗ ಪದ ಬಲ್ಲ, ವಸ್ತು ನೋಡಿಲ್ಲ. ನಮ್ಮ ಹುಡುಗ ವಸ್ತು ಬಲ್ಲ, ಪದವನ್ನು ಬರೆಯಲು ಕಲಿಯಬೇಕು. ಎರಡರಲ್ಲಿ ಯಾವುದು ಸುಲಭವೆಂದು ನೀವೇ ಯೋಚಿಸಿರಿ. ದಿನಕ್ಕೆ ಐದು ಪದಗಳನ್ನು ಅರ್ಥಸಹಿತ ಬರೆದರೆ ಆರು ತಿಂಗಳಲ್ಲಿ 900 ಪದ. ಎ.ಐ.ಸಿ.ಟಿ.ಇ.ಯು ಕನ್ನಡದಲ್ಲಿಯೂ ತಾಂತ್ರಿಕ ಪಠ್ಯಪುಸ್ತಕಗಳನ್ನು ಹೊರತಂದು ‘ಇ-ಕುಂಭ್’ ಎಂಬ ತಾಣದಲ್ಲಿ ಉಚಿತವಾಗಿ ಇರಿಸಿದೆ. ವಿಷಯವನ್ನು ಕನ್ನಡದಲ್ಲಿ ಅರಿತು, ಅನಂತರ ಇಂಗ್ಲಿಷಿನಲ್ಲಿ ಬರೆಯುವುದನ್ನು ರೂಢಿಸಿಕೊಳ್ಳಬಹುದು. ಮಾತೃಭಾಷೆಯಲ್ಲಿ ಗಣಿತದ ಬುನಾದಿ ಗಟ್ಟಿಯಾಗಿದ್ದವನು ಇದರಲ್ಲಿ ಸೋಲುವುದನ್ನು ನಾನು ಕಂಡಿಲ್ಲ. ಲೆಕ್ಕ ಬಾರದೆ ಸೋತವರನ್ನು ಕಂಡಿದ್ದೇನೆ.

ಮೂರು ವರ್ಷ ಓದುವಾಗ ಮನೆಗೆ ಬರುತ್ತಿದ್ದ ಕೂಲಿ ನಿಲ್ಲುತ್ತದೆ ಎಂಬುದು ಇನ್ನೊಂದು ಸತ್ಯ. ಮದುವೆಯಾಗಿ ಮಕ್ಕಳಿರುವ ಮೂವತ್ತರ ಗೌಂಡಿಗೆ ‘ಎಲ್ಲ ಬಿಟ್ಟು ಓದು’ ಎಂದು ಉಪದೇಶಿಸುವುದು ಸಲ್ಲದು. ಅಂಥವನು ಮೇಲೆ ಹೇಳಿದ ಕಾರ್ಯಸೂಚಿ, ಪರಿಮಾಣ, ಅಳತೆ ಪುಸ್ತಕ ಇಷ್ಟನ್ನು ಕೆಲಸದ ಜೊತೆಯಲ್ಲಿಯೇ ಕಲಿತರೂ ಮುಕಾದಮನಿಂದ ಸುಪರ್‌ವೈಸರನ ಹಂತಕ್ಕೆ ಏರಬಲ್ಲ. ಆದರೆ ಅವನ ಮಗ, ಮಗಳು ಹತ್ತನೆಯ ತರಗತಿಯಲ್ಲಿದ್ದರೆ ಅವರನ್ನು ಸೈಟಿಗೆ ಕರೆದೊಯ್ಯುವ ಅವಸರ ಬೇಡ. ಮಗಳೆಂದು ಪ್ರತ್ಯೇಕವಾಗಿ ಹೇಳಿದ್ದೇನೆ. ಯೋಜನೆ, ಪರಿಮಾಣ, ಗುಣಪರೀಕ್ಷೆಯ ಕೆಲಸಗಳಲ್ಲಿ ಹೆಣ್ಣುಮಕ್ಕಳು ಚೆನ್ನಾಗಿ ಮುಂದುವರಿಯಬಲ್ಲರು. ಇಟ್ಟಿಗೆ ಹೊತ್ತ ತಾಯಿಯ ಮಗಳು ಇಟ್ಟಿಗೆಯ ಲೆಕ್ಕ ಬರೆಯುವ ದಿನ ಬರಲಿ.

ಹಳೆಯ ವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ನಿಮ್ಮಲ್ಲಿ ಡಿಪ್ಲೊಮಾ, ಪದವಿ ಪಡೆದು ಸೈಟುಗಳಲ್ಲಿ ಒಳ್ಳೆಯ ಸ್ಥಾನದಲ್ಲಿರುವವರು ದೀಪಾವಳಿ, ಬೇಸಿಗೆಯ ರಜೆಗಳಲ್ಲಿ ಊರಿಗೆ ಬಂದಾಗ ಎರಡು ದಿನ ಶಾಲೆಗೆ ಕೊಡಿರಿ. ನಿಮ್ಮ ಹಳೆಯ ಪುಸ್ತಕಗಳನ್ನು ವಾಚನಾಲಯಕ್ಕೆ ಕೊಡಿರಿ. ಒಂಬತ್ತು, ಹತ್ತನೆಯ ತರಗತಿಯ ಮಕ್ಕಳಿಗೆ ಒಂದು ನಕ್ಷೆಯನ್ನು ಓದಲು, ಒಂದು ಕೋಣೆಯ ಪರಿಮಾಣ ತೆಗೆಯಲು ಕಲಿಸಿರಿ. ಪ್ರವೇಶದ ಅರ್ಜಿ ತುಂಬುವಾಗ ದಾಖಲೆಯ ಗೊಂದಲದಲ್ಲಿ ಸಿಕ್ಕಿಬೀಳುವ ತಾಯಿತಂದೆಗಳಿಗೆ ಕೈ ಕೊಡಿರಿ. ದೇಣಿಗೆಯ ಫಲಕದಲ್ಲಿ ಹೆಸರು ಕೆತ್ತಿಸುವುದಕ್ಕಿಂತ ಇದು ಹೆಚ್ಚಿನ ಗುರುದಕ್ಷಿಣೆಯೆಂದು ನಾನು ತಿಳಿಯುತ್ತೇನೆ.

ನಮ್ಮ ಜನರ ಕೈಗಳು ಪುಣೆ, ಮುಂಬಯಿಗಳ ಎಷ್ಟೋ ಕಟ್ಟಡಗಳನ್ನು ಎತ್ತಿ ನಿಲ್ಲಿಸಿವೆ. ಮುಂದಿನ ಪೀಳಿಗೆಯ ಕೈಗಳಿಗೆ ಕರಣೆಯ ಜೊತೆಗೆ ಲೇಖನಿಯೂ ಬರಲಿ. ಆ ಕಟ್ಟಡಗಳ ಯೋಜನೆಯ ಕೆಳಗೆ ಈ ಕನ್ನಡ ಶಾಲೆಯ ಮಕ್ಕಳ ಸಹಿಯೂ ಬೀಳಲಿ ಎಂದು ಹಾರೈಸುತ್ತೇನೆ.